ಮುಯಿ ನೆಗೆ ಮತ್ತೆ ಹೋಗುವಾಗ: ಹಳೆಯ ಗೆಳೆಯರನ್ನು ಹುಡುಕಿ, ಮಾತಾಡಿಸಿ ಬರುವ ಬಗೆ

ವಿಯೆಟ್ನಾಮಿನ ಕಡಲದಂಡೆಯ ಊರಾದ ಮುಯಿ ನೆಗೆ ಮೊದಲ ಸಲ ಹೋಗುವವರಿಗೆ ದಾರಿ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಕೆಂಪು ಮರಳದಿಣ್ಣೆ, ಬಿಳಿ ಮರಳದಿಣ್ಣೆ, ಬೆಳಗಿನ ಜೀಪು, ಅಲ್ಲಿಗೆ ಮುಗಿಯಿತು. ಎರಡನೇ ಸಲ ಹೋಗುವವರ ಕಷ್ಟವೇ ಬೇರೆ. ಅಲ್ಲಿ ಆರು ತಿಂಗಳು ಯೋಗ ಕಲಿಸಿದವರು, ಗಾಳಿಪಟ ಕಟ್ಟಿಕೊಂಡು ಅಲೆಯ ಮೇಲೆ ಹಾರುವುದನ್ನು ಕಲಿತವರು, ಒಂದೇ ಮನೆಯಲ್ಲಿ ವಾರಗಟ್ಟಲೆ ಉಂಡವರು ಐದೋ ಹತ್ತೋ ವರ್ಷದ ಮೇಲೆ ಮತ್ತೆ ಹೊರಟಾಗ ಕೈಯಲ್ಲಿರುವ ಫೋನ್ ನಂಬರು ಸತ್ತಿರುತ್ತದೆ, ವಿಳಾಸದ ಜಿಲ್ಲೆ ಇಲ್ಲವಾಗಿರುತ್ತದೆ, ಕಡಲದಂಡೆಯ ಅಂಗಡಿಯನ್ನು ಕಡಲೇ ತಿಂದಿರುತ್ತದೆ. ಟಿಕೆಟ್ ಆಮೇಲೆ ತೆಗೆದರಾಯಿತು, ಮೊದಲು ಮನುಷ್ಯರು ಸಿಗಬೇಕು.

ಮೊದಲ ಹೆಜ್ಜೆ: ಹಳೆಯ ನಂಬರನ್ನು ಹೊಸದು ಮಾಡಿ

2018ರ ಸೆಪ್ಟೆಂಬರಿಗೆ ಮುಂಚೆ ಬರೆದುಕೊಂಡ ನಂಬರಾದರೆ ಅಂಕಿಗಳನ್ನು ಎಣಿಸಿ. 01ರಿಂದ ಶುರುವಾಗುವ 11 ಅಂಕಿಯ ಮೊಬೈಲ್ ನಂಬರುಗಳನ್ನೆಲ್ಲ ಆ ವರ್ಷ 10 ಅಂಕಿಗೆ ಇಳಿಸಿದರು. ಗೆಳೆಯರು ನಂಬರ್ ಬದಲಿಸಿದ್ದಾರೆ ಎಂದು ಕೈಚೆಲ್ಲಬೇಡಿ, ಬದಲಾಗಿರುವುದು ಮುಂದಿನ ನಾಲ್ಕು ಅಂಕಿ ಮಾತ್ರ. ಕೊನೆಯ ಏಳು ಹಾಗೆಯೇ ಉಳಿದಿವೆ.

ವಿಯೆಟೆಲ್ ಕಂಪನಿಯದು ನೆನಪಿಡಲು ಸುಲಭ: 0162 ಇದ್ದದ್ದು 032, 0163 ಇದ್ದದ್ದು 033, ಹೀಗೇ 0169ರವರೆಗೆ, ಕೊನೆಯದು 039. ಮೊಬಿಫೋನಿನದು ಅಡ್ಡಾದಿಡ್ಡಿ: 0120ಕ್ಕೆ 070, 0121ಕ್ಕೆ 079, 0122ಕ್ಕೆ 077, 0126ಕ್ಕೆ 076, 0128ಕ್ಕೆ 078. ವಿನಾಫೋನಿನಲ್ಲಿ 0123ಕ್ಕೆ 083, 0124ಕ್ಕೆ 084, 0125ಕ್ಕೆ 085, 0127ಕ್ಕೆ 081, 0129ಕ್ಕೆ 082. ಅಂದರೆ 0168ರಿಂದ ಶುರುವಾಗುವ ನಂಬರಿದ್ದರೆ ಆ ನಾಲ್ಕರ ಜಾಗದಲ್ಲಿ 038 ಹಾಕಿ, ಮೊದಲ ಸೊನ್ನೆ ತೆಗೆದು, ದೇಶದ ಸಂಖ್ಯೆ +84 ಸೇರಿಸಿ. 09ರಿಂದ ಶುರುವಾಗುವ 10 ಅಂಕಿಯವು ಬದಲಾಗಲಿಲ್ಲ. ಮನೆಯ ಸ್ಥಿರ ದೂರವಾಣಿಯಾದರೆ ಈ ಭಾಗದ ಸಂಖ್ಯೆ 2017ರಲ್ಲಿ 062 ಹೋಗಿ 0252 ಆಯಿತು.

ಸರಿಪಡಿಸಿದ ನಂಬರಿಗೆ ನೇರ ಕರೆ ಮಾಡುವ ಮೊದಲು ಜಾಲೊ ಎಂಬ ಆ್ಯಪಿನಲ್ಲಿ ಹುಡುಕಿ. ನಮಗೆ ವಾಟ್ಸ್ಆ್ಯಪ್ ಹೇಗೋ ಅಲ್ಲಿಯವರಿಗೆ ಜಾಲೊ ಹಾಗೆ. ನಂಬರ್ ಹಾಕಿದರೆ ಹೆಸರು, ಚಿತ್ರ ಬರುತ್ತದೆ. ಚಿತ್ರದಲ್ಲಿರುವವರು ಅವರೇ ಹೌದೋ ಎಂದು ನೋಡಿಕೊಳ್ಳಿ. ನೋಂದಣಿ ಸರಿಯಿಲ್ಲದ ಸಿಮ್‌ಗಳನ್ನು ಸರ್ಕಾರ 2023ರಲ್ಲಿ ದೊಡ್ಡ ಪ್ರಮಾಣದಲ್ಲಿ ಬಂದ್ ಮಾಡಿಸಿತು, ಹಾಗಾಗಿ ಹಳೆಯ ನಂಬರು ಇಂದು ಬೇರೆಯವರ ಕೈಯಲ್ಲಿರಬಹುದು. ನೀವು ಜೋಪಾನವಾಗಿ ಇಟ್ಟುಕೊಂಡಿರುವ ಅಲ್ಲಿಯ ಸಿಮ್ಮಿನ ಆಸೆಯನ್ನೂ ಬಿಟ್ಟುಬಿಡಿ.

ಮೊದಲ ಸಂದೇಶದಲ್ಲಿ 'ನೆನಪಿದ್ದೀನಾ?' ಎಂದಷ್ಟೇ ಬರೆದರೆ ಮೋಸದ ಸಂದೇಶವೆಂದು ತಿಳಿದು ತಡೆಹಾಕುತ್ತಾರೆ. ಇಬ್ಬರೂ ಇರುವ ಒಂದು ಹಳೆಯ ಚಿತ್ರ, ಯಾವ ವರ್ಷ, ಯಾವ ಅಂಗಡಿ ಅಥವಾ ಹೋಟೆಲು, ಅಲ್ಲಿಯವರು ನಿಮ್ಮನ್ನು ಕರೆಯುತ್ತಿದ್ದ ಹೆಸರು, ಈ ನಾಲ್ಕು ಇರಲಿ. ಭಾಷಾಂತರದ ಆ್ಯಪ್ ಬಳಸುವುದಾದರೆ ಒಂದೊಂದು ವಾಕ್ಯವೂ ಗಿಡ್ಡಗಿರಲಿ, ಉದ್ದ ವಾಕ್ಯದಲ್ಲಿ ಯಾರು ಯಾರಿಗೆ ಹೇಳಿದ್ದೆಂಬುದೇ ತಿರುಗಿಬೀಳುತ್ತದೆ. ಅಲ್ಲಿಯ ಗಡಿಯಾರ ನಮ್ಮದಕ್ಕಿಂತ ಒಂದೂವರೆ ಗಂಟೆ ಮುಂದು. ಹನ್ನೊಂದೂವರೆಯಿಂದ ಒಂದೂವರೆಯವರೆಗೆ ಊಟ, ನಿದ್ದೆ. ನಮ್ಮ ಬೆಳಗಿನ ಹತ್ತರಿಂದ ಹನ್ನೆರಡರವರೆಗೆ ಕರೆ ಮಾಡಬೇಡಿ.

ನಂಬರ್ ಸಿಗದಿದ್ದರೆ: ಹೆಸರು ಹಿಡಿದು ಹುಡುಕುವುದು

ವಿಯೆಟ್ನಾಮಿನಲ್ಲಿ ಮನೆತನದ ಹೆಸರು ಮೊದಲು, ಕರೆಯುವ ಹೆಸರು ಕೊನೆಗೆ. 'ನುಯೆನ್ ವಾನ್ ಹುಂಗ್' ಎಂದಿದ್ದರೆ ಅವರು ಹುಂಗ್. 'ನುಯೆನ್ ಎಲ್ಲಿ?' ಎಂದು ಕೇಳಿದರೆ ಅರ್ಧ ಬೀದಿಯೇ ಎದ್ದು ಬಂದೀತು.

ದಕ್ಷಿಣದವರಿಗೆ ಇನ್ನೊಂದು ಹೆಸರಿರುತ್ತದೆ, ಹುಡುಕಾಟಕ್ಕೆ ಅದೇ ಹೆಚ್ಚು ಒದಗುವುದು: ಹುಟ್ಟಿದ ಸಾಲಿನ ಅಂಕಿ. ವಿಚಿತ್ರವೆಂದರೆ ಎಣಿಕೆ ಎರಡರಿಂದ ಶುರು. ಮನೆಯ ಹಿರಿಯ ಮಗು 'ಹಾಯ್', ಎಂದರೆ ಎರಡು. ಎರಡನೆಯದು 'ಬಾ', ಮೂರು. ಆಮೇಲೆ ತು, ನಾಮ್, ಸಾವ್. ಕಡೆಯ ಮಗು 'ಊತ್'. ಅಕ್ಕನಂಥವರಾದರೆ ಮುಂದೆ 'ಚಿ', ಅಣ್ಣನಂಥವರಾದರೆ 'ಆನ್'. ನೀವು ಬಾಯ್ತುಂಬ 'ಚಿ ಬಾ' ಎಂದು ಕರೆಯುತ್ತಿದ್ದದ್ದು ಅವರ ಹೆಸರೇ ಅಲ್ಲ, 'ಎರಡನೇ ಅಕ್ಕ' ಎಂಬ ಕರೆ. ಆದ್ದರಿಂದ ಕೇಳುವಾಗ ಸಾಲಿನ ಅಂಕಿ, ಕೊನೆಯ ಹೆಸರು, ಮಾಡುತ್ತಿದ್ದ ಕೆಲಸ, ಜಾಗ ನಾಲ್ಕನ್ನೂ ಸೇರಿಸಿ: 'ಮಾರುಕಟ್ಟೆಯ ಹತ್ತಿರ ಬಾನ್ ಕಾನ್ ಹುಯ್ಯುತ್ತಿದ್ದ, ಎರಡನೇ ಅಕ್ಕ, ಲಾನ್.' (ಬಾನ್ ಕಾನ್ ಎಂದರೆ ನಮ್ಮ ಪಡ್ಡಿನ ಹಂಚಿನಂಥದ್ದರಲ್ಲಿ ಅಕ್ಕಿಹಿಟ್ಟು ಹುಯ್ದು ಮಾಡುವ ತಿಂಡಿ. ಗುಳಿಗಳನ್ನು ಕಂಡರೆ ಊರ ನೆನಪಾಗದೆ ಇರದು.)

ಅಂಗಡಿಯ ಜಾಗ ಗೊತ್ತಿದ್ದೂ ಅಂಗಡಿ ಇಲ್ಲದಿರುವುದಕ್ಕೆ ಸಾಮಾನ್ಯವಾಗಿ ಎರಡು ಕಾರಣ. ಒಂದು, 2020ರ ಮಾರ್ಚಿನಿಂದ 2022ರ ಮಾರ್ಚಿನವರೆಗೆ ವಿದೇಶಿ ಪ್ರವಾಸಿಗರು ಬರಲಿಲ್ಲವೆಂದೇ ಹೇಳಬೇಕು. ಹೊರ ಊರಿಂದ ಬಂದು ದುಡಿಯುತ್ತಿದ್ದವರು ತಮ್ಮ ಊರಿಗೆ ಮರಳಿದರು. ಎರಡು, ಹೋಟೆಲು, ಅಂಗಡಿಗಳಿರುವ ಹಾಮ್ ಟಿಯೆನ್ ಎಂಬ ಭಾಗದಲ್ಲಿ ದಂಡೆಯ ಕೊರೆತ. ಹಿಂದೆ ಮರಳಿದ್ದ ಕಡೆ ಈಗ ಕಲ್ಲಿನ ತಡೆಗೋಡೆ ಇದೆ. ಅಂಗಡಿ ಕಾಣದಿದ್ದರೆ ಎದುರು ಬದಿಯ ಕಾಫಿ ಅಂಗಡಿಯಲ್ಲಿ, ಅಥವಾ ಬೆಳಗಿನ ಆರಕ್ಕೆ ಮಾರುಕಟ್ಟೆಯಲ್ಲಿ, ಕಾಗದದ ಮೇಲೆ ಮುದ್ರಿಸಿದ ಚಿತ್ರ ತೋರಿಸಿ ಕೇಳಿ. ಫೋನಿನ ತೆರೆಗಿಂತ ಕೈಗೆ ಕೊಡುವ ಚಿತ್ರ ಕೆಲಸಕ್ಕೆ ಬರುತ್ತದೆ, ನಾಲ್ಕು ಜನರ ಕೈ ದಾಟುತ್ತದೆ. ಫೇಸ್‌ಬುಕ್ಕಿನ ಊರ ಗುಂಪಿನಲ್ಲಿ ಅವರ ಚಿತ್ರ ಹಾಕುವುದು ಕಡೆಯ ಉಪಾಯವಾಗಿರಲಿ. ಸಾಲಕ್ಕೆ ಹುಡುಕುತ್ತಿದ್ದಾರೆ ಎಂದು ಊರು ಆಡಿಕೊಂಡೀತು.

ವಿಳಾಸದ ಗೋಜಲು

2025ರ ಜುಲೈ 1ರಿಂದ ವಿಯೆಟ್ನಾಮಿನ 63 ಪ್ರಾಂತ್ಯಗಳು 34 ಆದವು. ಪ್ರಾಂತ್ಯಕ್ಕೂ ಕೆಳಗಿನ ವಾರ್ಡಿಗೂ ನಡುವೆ ಇದ್ದ ಜಿಲ್ಲೆಯ ಹಂತವೇ ಹೋಯಿತು. ಬಿನ್ ಥುವಾನ್ ಪ್ರಾಂತ್ಯ ಲಾಮ್ ಡಾಂಗಿನಲ್ಲಿ ಸೇರಿತು, ಹಾಮ್ ಟಿಯೆನ್ ಮುಯಿ ನೆ ವಾರ್ಡಿನೊಳಗೆ ಬಂತು. ನಿಮ್ಮ ಹಳೆಯ ಚೀಟಿಯ 'ಹಾಮ್ ಟಿಯೆನ್, ಫಾನ್ ಥಿಯೆಟ್ ನಗರ, ಬಿನ್ ಥುವಾನ್' ಈಗ 'ಮುಯಿ ನೆ ವಾರ್ಡ್, ಲಾಮ್ ಡಾಂಗ್'. ಉಪ್ಪುಗಾಳಿಯ ಊರಿಗೆ ಚಳಿಬೆಟ್ಟದ ದಾ ಲಾಟ್ ಆಡಳಿತ ಕೇಂದ್ರ! ಜನ ಮಾತಿನಲ್ಲಿ ಹಳೆಯ ಹೆಸರನ್ನೇ ಹೇಳುತ್ತಾರೆ. ವೀಸಾ ಅರ್ಜಿ, ಪೊಲೀಸ್ ಕಾಗದಗಳಿಗೆ ಹೊಸದು ಬೇಕು.

ಮನೆ ನಂಬರಿನಲ್ಲಿ ಓರೆಗೆರೆ ಇದ್ದರೆ, 120/5 ಎಂಬಂತೆ, ಅದು ರಸ್ತೆಯ ಮೇಲಿನ ಮನೆಯಲ್ಲ. 120ನೇ ನಂಬರಿನ ಪಕ್ಕದ ಓಣಿಯೊಳಗೆ ಹೊಕ್ಕು 5ನೇ ಮನೆ. ಓಣಿಗೆ 'ಹೆಮ್' ಎನ್ನುತ್ತಾರೆ. ಕಾರು ಒಳಗೆ ಹೋಗದು, ಓಣಿಯ ಬಾಯಲ್ಲೇ ಇಳಿದುಕೊಳ್ಳಿ.

ಎರಡನೇ ಹೆಜ್ಜೆ: ದಿನ ಗೊತ್ತುಮಾಡಲು ಗೋಡೆಯ ಕ್ಯಾಲೆಂಡರ್ ನೋಡಿ

ಗಾಳಿ ನವೆಂಬರಿನಿಂದ ಮಾರ್ಚಿನವರೆಗೆ, ಮಳೆ ಮೇ ತಿಂಗಳಿಂದ ಅಕ್ಟೋಬರಿನವರೆಗೆ, ಇದು ಪ್ರವಾಸಿಗರ ಲೆಕ್ಕ. ಗೆಳೆಯರನ್ನು ನೋಡಲು ಹೋಗುವವರಿಗೆ ಚಂದ್ರನ ಲೆಕ್ಕ ಬೇಕು.

ಗೆಳೆಯರು ಮೀನುಗಾರರಾದರೆ ಹುಣ್ಣಿಮೆಯ ಆಸುಪಾಸು ಹೋಗಿ. ರಾತ್ರಿ ದೀಪ ಹಚ್ಚಿ ಮೀನು, ಬೊಂಡಾಸ (ಸ್ಕ್ವಿಡ್) ಸೆಳೆಯುವ ದೋಣಿಗಳಿಗೆ ಕತ್ತಲೆಯೇ ಬಂಡವಾಳ. ಬೆಳದಿಂಗಳಿನಲ್ಲಿ ದೀಪಕ್ಕೆ ಮೀನು ಬರುವುದಿಲ್ಲ, ಗಂಡಸರು ಮನೆಯಲ್ಲಿರುತ್ತಾರೆ, ಬಲೆ ರಿಪೇರಿ ಮಾಡುತ್ತಾರೆ. ಅಮಾವಾಸ್ಯೆಯ ವಾರ ಹೋದರೆ ಹೆಂಡತಿ ಮಕ್ಕಳನ್ನು ಮಾತಾಡಿಸಿಕೊಂಡು ಬರಬೇಕಾದೀತು. ನಮ್ಮ ಕರಾವಳಿಯಲ್ಲಿ ಜೂನ್, ಜುಲೈ ದೋಣಿ ದಡದಲ್ಲಿರುವ ಕಾಲವೆಂದು ಅಲ್ಲೂ ಹಾಗೇ ಎಂದುಕೊಳ್ಳಬೇಡಿ. ಆ ತಿಂಗಳುಗಳು ಅಲ್ಲಿ ಮೀನಿನ ಸುಗ್ಗಿ.

ಸಸ್ಯಾಹಾರಿಗಳಿಗೂ ಹುಣ್ಣಿಮೆ ಅನುಕೂಲ. ಚಾಂದ್ರಮಾಸದ 15ರಂದು ಮತ್ತು 1ರಂದು ಎಷ್ಟೋ ಮನೆಗಳಲ್ಲಿ ಮಾಂಸ, ಮೀನು ಬಿಡುತ್ತಾರೆ. ಬೇರೆ ದಿನ ಸಸ್ಯಾಹಾರ ಮಾಡದ ಅಂಗಡಿಗಳೂ ಅಂದು ಮಾಡುತ್ತವೆ. ನಮ್ಮ ಪಂಚಾಂಗದ ಹುಣ್ಣಿಮೆಗೂ ಅವರ 15ಕ್ಕೂ ಸಾಮಾನ್ಯವಾಗಿ ಹೆಚ್ಚೆಂದರೆ ಒಂದು ದಿನದ ವ್ಯತ್ಯಾಸ.

ಹೋಗಬಾರದ ದಿನಗಳು: ಏಪ್ರಿಲ್ 30ರಿಂದ ಮೇ 1, ಸೆಪ್ಟೆಂಬರ್ 2. ಸೈಗಾನೇ (ಹೋ ಚಿ ಮಿನ್ ನಗರ) ಇಲ್ಲಿಗೆ ಇಳಿಯುತ್ತದೆ. ಹೋಟೆಲು, ಅಂಗಡಿ ನಡೆಸುವ ಗೆಳೆಯರಿಗೆ ನಿಮ್ಮ ಮುಖ ನೋಡಲೂ ಬಿಡುವಿರದು. ಟೆಟ್, ಅಂದರೆ ಅವರ ಹೊಸ ವರ್ಷ, 2027ರಲ್ಲಿ ಫೆಬ್ರವರಿ 6ಕ್ಕೆ ಬರುತ್ತದೆ. ಮನೆಯವರೇ ಕರೆದರೆ ಮಾತ್ರ ಹೋಗಿ. ಹೊರ ಊರಿನವರಾದರೆ ಆ ವಾರ ಅವರು ಮುಯಿ ನೆಯಲ್ಲೇ ಇರುವುದಿಲ್ಲ. ಇದ್ದರೂ ಹಬ್ಬದ ಮೊದಲ ಬೆಳಗು ಹೇಳದೆ ಹೊಸ್ತಿಲು ದಾಟಬಾರದು. ವರ್ಷದ ಮೊದಲ ಕಾಲು ಯಾರದು ಎಂಬುದನ್ನು ಮನೆಯವರು ಮೊದಲೇ ಯೋಚಿಸಿ ಇಟ್ಟಿರುತ್ತಾರೆ, ಅವರ ಮಟ್ಟಿಗೆ ಇಡೀ ವರ್ಷದ ಅದೃಷ್ಟ ಆ ಕಾಲಿನದು.

ಮೂರನೇ ಹೆಜ್ಜೆ: ಕಾಗದಪತ್ರ, ದಾರಿ

ಭಾರತದ ಪಾಸ್‌ಪೋರ್ಟಿನವರಿಗೆ ಇ-ವೀಸಾ ಬೇಕು. ಒಂದು ಸಲದ ಪ್ರವೇಶಕ್ಕೆ 25 ಡಾಲರ್, ಹಲವು ಸಲಕ್ಕೆ 50. ಹೆಚ್ಚೆಂದರೆ 90 ದಿನ. ಸರ್ಕಾರದ ಜಾಲತಾಣದಲ್ಲಿ ಮಾತ್ರ ಅರ್ಜಿ ಹಾಕಿ, ಅದೇ ಬಗೆಯ ಹೆಸರಿಟ್ಟುಕೊಂಡು ದುಪ್ಪಟ್ಟು ಕೀಳುವ ತಾಣಗಳಿವೆ. ಮೂರು ಕೆಲಸದ ದಿನ ಎನ್ನುತ್ತಾರೆ, ರಜೆ ಸೇರಿದರೆ ಎಳೆಯುತ್ತದೆ, ಎರಡು ವಾರ ಇಟ್ಟುಕೊಳ್ಳಿ. ಅರ್ಜಿ ತಿರಸ್ಕೃತವಾದರೂ ಹಣ ವಾಪಸಿಲ್ಲ. ನಮ್ಮವರು ಎಡವುವುದು ಹೆಸರಿನಲ್ಲಿ: ಪಾಸ್‌ಪೋರ್ಟಿನಲ್ಲಿ ಮನೆತನದ ಹೆಸರಿನ ಜಾಗ ಖಾಲಿ ಇರುವವರು, ಇನಿಷಿಯಲ್ ಬಿಡಿಸಿ ಬರೆದವರು ಪಾಸ್‌ಪೋರ್ಟಿನ ಸಾಲಿನಲ್ಲಿ ಇರುವುದನ್ನೇ ಅಕ್ಷರಶಃ ತುಂಬಬೇಕು. ಕೈಗೆ ಬಂದ ವೀಸಾದಲ್ಲಿ ಒಂದು ಅಕ್ಷರ ತಪ್ಪಿದ್ದರೂ ಹೊಸ ಅರ್ಜಿ ಹಾಕುವುದೇ ಕ್ಷೇಮ. ಫು ಕ್ವಾಕ್ ದ್ವೀಪಕ್ಕಿರುವ 30 ದಿನದ ವಿನಾಯಿತಿ ಮುಯಿ ನೆಗೆ ಅನ್ವಯಿಸದು.

ಸೈಗಾನಿನಿಂದ ಫಾನ್ ಥಿಯೆಟ್ ಕಡೆಗೆ ಹೋಗುವ ದಾರಿಯಲ್ಲಿ 99 ಕಿಲೋಮೀಟರಿನ ಎಕ್ಸ್‌ಪ್ರೆಸ್ ರಸ್ತೆ 2023ರ ಏಪ್ರಿಲಿನಲ್ಲಿ ತೆರೆಯಿತು. ಹಿಂದಿನ ಐದಾರು ಗಂಟೆಯ ಬಸ್ ಪ್ರಯಾಣ ನಿಮ್ಮ ತಲೆಯಲ್ಲಿದ್ದರೆ ಈಗ ಅಷ್ಟು ಬೇಡ; ಕಾರಿನಲ್ಲಿ ಮೂರು ಗಂಟೆ, ಬಸ್ಸಿನಲ್ಲಿ ನಗರದ ಗದ್ದಲವೂ ಸೇರಿ ನಾಲ್ಕು. ಮಲಗುವ ಬಸ್ಸಿನಲ್ಲಿ ಚಪ್ಪಲಿ ಬಾಗಿಲಲ್ಲೇ ಕಳಚಿ ಚೀಲಕ್ಕೆ ಹಾಕಬೇಕು. ಆರಡಿ ಎತ್ತರದವರಿಗೆ ಆ ಹಾಸಿಗೆ ಸಾಲದು. ಉತ್ತರ-ದಕ್ಷಿಣ ಮುಖ್ಯ ಮಾರ್ಗದ ರೈಲು ಫಾನ್ ಥಿಯೆಟ್ ಊರೊಳಗೆ ಬಾರದೆ ಬಿನ್ ಥುವಾನ್ ನಿಲ್ದಾಣದಲ್ಲಿ ಇಳಿಸುತ್ತದೆ. ಅಲ್ಲಿಂದ ಮುಯಿ ನೆ ಸುಮಾರು 30 ಕಿಲೋಮೀಟರ್.

ಹಿಂದೆ ಬಾಡಿಗೆ ಬೈಕಿನಲ್ಲಿ ತಿರುಗಿದವರು ಈಗ ಸುಮ್ಮನಿರುವುದು ಮೇಲು. ನಮ್ಮಲ್ಲಿ ಕೊಡುವ ಅಂತಾರಾಷ್ಟ್ರೀಯ ಚಾಲನಾ ಪರವಾನಗಿ 1949ರ ರಸ್ತೆ ಸಂಚಾರ ಒಪ್ಪಂದದ್ದು, ವಿಯೆಟ್ನಾಮ್ ಒಪ್ಪುವುದು 1968ರದ್ದು. ಪೊಲೀಸರ ದಂಡ ಒಂದು ಕಡೆಯಾದರೆ, ಅಪಘಾತವಾದಾಗ ವಿಮೆಯವರು ಪರವಾನಗಿ ಸರಿಯಿಲ್ಲವೆಂದು ಕೈತೊಳೆಯುವುದು ಇನ್ನೊಂದು ಕಡೆ. ಕುಡಿದವರಿಗಂತೂ 2020ರಿಂದ ಮಿತಿ ಸೊನ್ನೆ. ಗೆಳೆಯರ ಬೈಕಿನ ಹಿಂದೆ ಕೂರುವ ಮೊದಲು ಅವರ ಲೋಟವನ್ನೂ ನೋಡಿ. ಬಾಡಿಗೆ ಗಾಡಿ ಕರೆಸುವ ಗ್ರ್ಯಾಬ್ ಆ್ಯಪ್, ಟ್ಯಾಕ್ಸಿ ಸಿಗುತ್ತವೆ. ಫಾನ್ ಥಿಯೆಟ್ಟಿನಿಂದ ಸಿಟಿ ಬಸ್ಸೂ ಇದೆ.

ನಾಲ್ಕನೇ ಹೆಜ್ಜೆ: ಗೆಳೆಯರ ಮನೆಯಲ್ಲಿ ಉಳಿಯುವುದಾದರೆ

'ನಮ್ಮ ಮನೆಯಲ್ಲೇ ಇರು' ಎನ್ನುತ್ತಾರೆ. ಇರಬಹುದು. ಆದರೆ ವಿದೇಶಿಯರು ರಾತ್ರಿ ತಂಗಿದರೆ ಬಂದ 12 ಗಂಟೆಯೊಳಗೆ ಮನೆಯವರು ವಾರ್ಡಿನ ಪೊಲೀಸರಿಗೆ ತಿಳಿಸಬೇಕು, ಇದು 2014ರ ಕಾಯ್ದೆಯ ನಿಯಮ. ಹೋಟೆಲಿನವರು ಪಾಸ್‌ಪೋರ್ಟ್ ಕೇಳುವುದು ಇದಕ್ಕೇ. ಸಂಕೋಚಕ್ಕೆ ಮನೆಯವರು ಈ ಮಾತೆತ್ತುವುದಿಲ್ಲ, ದಂಡ ಬೀಳುವುದು ಮಾತ್ರ ಅವರಿಗೆ. ಪಾಸ್‌ಪೋರ್ಟಿನಲ್ಲಿ ನಿಮ್ಮ ಚಿತ್ರವಿರುವ ಪುಟ, ವೀಸಾ, ವಿಮಾನ ನಿಲ್ದಾಣದ ಮುದ್ರೆ ಮೂರರ ಚಿತ್ರವನ್ನೂ ವಿಮಾನ ಇಳಿದ ಕೂಡಲೇ ಜಾಲೊದಲ್ಲಿ ಕಳಿಸಿ, 'ತಾಮ್ ಚೂ' ಮಾಡಿಸಿ ಎನ್ನಿ. ತಾತ್ಕಾಲಿಕ ವಾಸಕ್ಕೆ ಅದೇ ಹೆಸರು. ಮೊದಲ ಎರಡು ರಾತ್ರಿ ಹತ್ತಿರದ ಸಣ್ಣ ಹೋಟೆಲಿನಲ್ಲಿದ್ದು, ಮನೆಯ ಸ್ಥಿತಿ ನೋಡಿಕೊಂಡು ಆಮೇಲೆ ಹೋಗುವುದು ಇಬ್ಬರಿಗೂ ಹಗುರ.

ಏನು ಒಯ್ಯಬೇಕು

ಗೋಡಂಬಿ ಬೇಡ, ಜಗತ್ತಿಗೇ ಗೋಡಂಬಿ ರಫ್ತು ಮಾಡುವ ದೇಶ ಅದು. ಕಾಫಿಯೂ ಅವರಲ್ಲಿ ಧಾರಾಳ. ಮೈಸೂರು ಪಾಕು ಸೆಕೆಗೆ ಕರಗಿ ತುಪ್ಪ ಬಿಡುತ್ತದೆ, ತುಪ್ಪದ ವಾಸನೆಯೂ ಅವರಿಗೆ ಹೊಸದು. ಗಂಧದ ಸಾಬೂನು, ಚನ್ನಪಟ್ಟಣದ ಬೊಂಬೆ, ಏಲಕ್ಕಿ, ಒಳ್ಳೆಯ ಊದುಬತ್ತಿ ಹಗುರವೂ ಹೌದು, ಬಳಕೆಯಾಗುವಂಥವೂ ಹೌದು. ಊದುಬತ್ತಿಗೆ ಮನೆಯಲ್ಲಿ ತೀರಿಹೋದ ಹಿರಿಯರ ಪೂಜಾಪೀಠದ ಮುಂದೆ ಜಾಗವಿದೆ. ಚಾಕು, ಕತ್ತರಿ, ಕರವಸ್ತ್ರ ಕೊಡಬಾರದು, ಮೂರಕ್ಕೂ ಅಗಲಿಕೆಯ ಅರ್ಥ. ಮಕ್ಕಳಿಗೆ ಕೆಂಪು ಲಕೋಟೆಯಲ್ಲಿ ಹೊಸ ನೋಟು ಟೆಟ್ ಹೊತ್ತಿನಲ್ಲಿ ಮಾತ್ರ. ಲಕೋಟೆ ತುಂಬುವಾಗ ಬೆಳಕಿನಲ್ಲಿ ನೋಡಿ ಹಾಕಿ: 20,000 ಮತ್ತು 5,00,000 ಡಾಂಗ್ ನೋಟುಗಳೆರಡೂ ನೀಲಿ ಛಾಯೆಯವು. ಒಂದು ರೂಪಾಯಿಗೆ ಸುಮಾರು 300 ಡಾಂಗ್ ಎಂದು ಲೆಕ್ಕ ಹಾಕಿದರೆ ತಪ್ಪಿನ ಬೆಲೆ ತಿಳಿಯುತ್ತದೆ. ವಿಮಾನದಲ್ಲಿ ಒಯ್ಯುವ ನಗದು 5,000 ಡಾಲರ್ ದಾಟಿದರೆ ಘೋಷಿಸಬೇಕು.

ಐದನೇ ಹೆಜ್ಜೆ: ಮನೆಯೊಳಗೆ

ಕನ್ನಡದವರಿಗೆ ಇಲ್ಲಿ ಒಂದು ಅನುಕೂಲವಿದೆ. ತಂದೆತಾಯಿಗಿಂತ ಹಿರಿಯರಾದರೆ 'ಬಾಕ್', ತಂದೆಗಿಂತ ಕಿರಿಯ ಗಂಡಸಾದರೆ 'ಚೂ': ನಮ್ಮ ದೊಡ್ಡಪ್ಪ, ಚಿಕ್ಕಪ್ಪ. ಅಣ್ಣನೋ ತಮ್ಮನೋ ತಿಳಿಯದೆ ಮಾತೇ ಹೊರಡದು, ಅದಕ್ಕೇ ಎದುರಾದ ತಕ್ಷಣ ವಯಸ್ಸು ಕೇಳುತ್ತಾರೆ. 'ಆನ್ ಕಮ್ ಚುವಾ?' ಎಂದರೆ 'ಊಟ ಆಯ್ತಾ?' ಎಂದು. ನಮ್ಮಲ್ಲಿಯಂತೆ ಅದು ಕುಶಲ ಕೇಳುವ ಮಾತು.

ಚಪ್ಪಲಿ ಹೊರಗೆ. ತಂದದ್ದನ್ನು ಎರಡೂ ಕೈಯಲ್ಲಿ ಹಿರಿಯರಿಗೆ ಕೊಡಿ. ಅದನ್ನು ಬಿಚ್ಚದೆ ಬದಿಗಿಟ್ಟರೆ ಬೇಸರಪಡಬೇಡಿ, ಕೊಟ್ಟವರೆದುರು ಬಿಚ್ಚುವುದು ಅವರ ಮರ್ಯಾದೆಯಲ್ಲ. ಪೀಠದ ಮೇಲೆ ಹೊಸ ಚಿತ್ರವೊಂದು ಕಂಡರೆ ಅಲ್ಲೇ ನಿಲ್ಲಿ. ಹಿಂದೆ ನಿಮಗೆ ಉಣಬಡಿಸಿದ ಅಜ್ಜಿಯೋ ಅಜ್ಜನೋ ಇರಬಹುದು. 'ಯಾವಾಗ?' ಎಂದು ಕೇಳಿ, ಅನುಮತಿ ಪಡೆದು ಊದುಬತ್ತಿ ಹಚ್ಚಿ. ಮೂರು ಕಡ್ಡಿ ಸಾಮಾನ್ಯ. ಉರಿಯನ್ನು ಬಾಯಿಂದ ಊದದೆ ಕೈಯಾಡಿಸಿ ಆರಿಸಿ. ಸತ್ತವರ ತಿಥಿಗೆ 'ಯೋ' ಎನ್ನುತ್ತಾರೆ, ನಮ್ಮಂತೆ ಚಾಂದ್ರಮಾನದ ದಿನಕ್ಕೇ ಮಾಡುತ್ತಾರೆ. ನೀವಿರುವಾಗ ಬಂದು ಅವರು ಕರೆದರೆ ಹಣ್ಣಿನ ಬುಟ್ಟಿಯೊಂದಿಗೆ ಹೋಗಿ. ಅದು ಅಳುವ ದಿನವಲ್ಲ, ನೆಂಟರೆಲ್ಲ ಸೇರಿ ಉಣ್ಣುವ ದಿನ. ಚದುರಿಹೋದ ಗೆಳೆಯರು ಒಟ್ಟಿಗೆ ಸಿಗುವುದೂ ಅಂದೇ.

ಊಟದಲ್ಲಿ ಚಾಪ್‌ಸ್ಟಿಕ್ ಕಡ್ಡಿಗಳನ್ನು ಅನ್ನಕ್ಕೆ ನೆಟ್ಟಗೆ ಚುಚ್ಚಬೇಡಿ, ಅದು ಸತ್ತವರಿಗಿಟ್ಟ ಊದುಬತ್ತಿಯ ರೂಪ. ಸಸ್ಯಾಹಾರಿಗಳು 'ಆನ್ ಚಾಯ್' ಎನ್ನಬೇಕು (ಚಹಾ ಕೇಳಿದಂತಾಗದು, ಹೆದರಬೇಡಿ). ಅಷ್ಟಕ್ಕೇ ನಿಲ್ಲಿಸಿದರೆ ತರಕಾರಿಗೆ ಮೀನಿನ ರಸ ಬಿದ್ದೇ ಬೀಳುತ್ತದೆ. ಫಾನ್ ಥಿಯೆಟ್ 'ನೂಕ್ ಮಾಮ್'ನ ತವರು, ಬೊಳಿಂಜೀರಿನ ಜಾತಿಯ ಸಣ್ಣ ಮೀನಿಗೆ ಉಪ್ಪು ಹಾಕಿ ತಿಂಗಳುಗಟ್ಟಲೆ ಇಟ್ಟು ಇಳಿಸುವ ರಸ. ಅಲ್ಲಿಯವರಿಗೆ ಅದು ಮೀನಲ್ಲ, ಉಪ್ಪು. 'ಖೋಂಗ್ ನೂಕ್ ಮಾಮ್' ಎಂದು ಬಿಡಿಸಿ ಹೇಳಿ, ಬದಲಿಗೆ ಸೋಯಾ ರಸ 'ನೂಕ್ ತುಂಗ್' ಕೇಳಿ. ಹಿಂದಿನ ದಿನವೇ ಹೇಳುವುದು ಒಳ್ಳೆಯದು. ಬಡಿಸಿದ ಮೇಲೆ ಬೇಡವೆಂದರೆ ಮನೆಯಾಕೆಯ ಮುಖ ಸಣ್ಣದಾಗುತ್ತದೆ.

ಬಿಯರ್ ಕುಡಿಯದವರು ಮೊದಲ ಲೋಟದ ಹೊತ್ತಿಗೇ ಹೇಳಿ, ಸೋಡಾ ಹಿಡಿದು ಎಲ್ಲರೊಂದಿಗೆ 'ಮೋಟ್, ಹಾಯ್, ಬಾ, ಯೋ!' (ಒಂದು, ಎರಡು, ಮೂರು, ಚಿಯರ್ಸ್!) ಎಂದರೆ ಯಾರೂ ತಕರಾರು ಮಾಡರು. ಬಿಲ್ಲನ್ನು ಪಾಲು ಹಾಕುವ ಮಾತೆತ್ತಬೇಡಿ. ಮೊದಲ ಊಟ ಅವರದು. ಎರಡನೆಯದು ನಿಮ್ಮದಾಗಬೇಕೆಂದರೆ ಕೈ ತೊಳೆಯಲು ಎದ್ದ ನೆಪದಲ್ಲಿ ಗಲ್ಲಾದ ಬಳಿ ಹೋಗಿ ಕೊಟ್ಟುಬಿಡಿ.

ಒಂದು ಸಂಜೆ ಗೆಳೆಯರ ಮಕ್ಕಳನ್ನು ಕರೆದುಕೊಂಡು ಹೋಗಲು ದಿಣ್ಣೆಗಳಿಗಿಂತ ಪೊ ಸಾ ಇನು ಗುಡಿ ಚೆನ್ನ. ಫಾನ್ ಥಿಯೆಟ್ಟಿಗೂ ಮುಯಿ ನೆಗೂ ನಡುವಿನ ಗುಡ್ಡದ ಮೇಲೆ ಚಾಮ್ ಜನ ಕಟ್ಟಿದ ಇಟ್ಟಿಗೆಯ ಶಿವಾಲಯ. ಒಳಗಿನ ಲಿಂಗವನ್ನು ನೀವು ಅವರಿಗೆ ವಿವರಿಸಬಹುದು. ದಡದ ದುಂಡು ಬುಟ್ಟಿದೋಣಿಯನ್ನು, ನಮ್ಮ ಹಂಪಿಯ ಹರಿಗೋಲಿನ ದಾಯಾದಿಯನ್ನು, ಅವರು ನಿಮಗೆ ನಡೆಸಿ ತೋರಿಸಲಿ.

ಹೊರಡುವ ದಿನ

ಮೂರು ಪೊಟ್ಟಣ ಗ್ಯಾರಂಟಿ: ಒಣ ಬೊಂಡಾಸ, ಡ್ರ್ಯಾಗನ್ ಹಣ್ಣು, ನೂಕ್ ಮಾಮ್. ತಾಜಾ ಹಣ್ಣಿಗೆ ನಮ್ಮ ಕಡೆಯ ಸಸ್ಯ ತಪಾಸಣೆಯ ತೊಡಕಿದೆ, ಸೈಗಾನಿನಲ್ಲೇ ತಿಂದು ಮುಗಿಸಿ. ಮೀನಿನ ರಸದ ಬಾಟಲಿಯನ್ನು ಕೆಲವು ವಿಮಾನ ಕಂಪನಿಗಳು ಕೆಳಗೆ ಹಾಕುವ ಚೀಲದಲ್ಲೂ ಬಿಡುವುದಿಲ್ಲ, ಮೊದಲೇ ವಿಚಾರಿಸಿ. ಬಿಡುವಂತಿದ್ದರೂ ಮುಚ್ಚಳಕ್ಕೆ ಟೇಪು ಸುತ್ತಿ ಎರಡು ಪದರ ಪ್ಲಾಸ್ಟಿಕ್ಕಿನಲ್ಲಿಡಿ. ಸೋರಿದರೆ ಆ ಸೂಟ್‌ಕೇಸನ್ನು ಮತ್ತೆ ಬಳಸಲಾರಿರಿ.

ಬಸ್ಸು ಹತ್ತುವ ಮುಂಚೆ ಒಂದೇ ಮನೆಯಿಂದ ಎರಡು ನಂಬರ್ ಬರೆದುಕೊಳ್ಳಿ. ಒಂದು ಗೆಳೆಯರದು, ಇನ್ನೊಂದು ಹದಿಹರೆಯದ ಮಗನದೋ ಮಗಳದೋ. ಜೊತೆಗೆ ಮನೆಯ ಹೊಸ ವಿಳಾಸ, ಅವರು ಸಾಲಿನಲ್ಲಿ ಎಷ್ಟನೆಯವರು, ಮನೆಯಲ್ಲಿ ಮಾಡುವ ತಿಥಿಯ ಚಾಂದ್ರಮಾನ ದಿನ. ಬರೆದ ಎರಡೂ ನಂಬರಿಗೆ ಅಲ್ಲೇ ನಿಂತು ಜಾಲೊದಲ್ಲಿ ಒಂದೊಂದು ಕರೆ ಕೊಟ್ಟು, ಎದುರಿಗಿರುವ ಫೋನು ಬಡಿದುಕೊಂಡಿತೇ ನೋಡಿ.